ಕನ್ನಡಿಗೆ ಬಳೆ ಕಟ್ಟಿದ್ದರು: ಸ್ಕೂಟಿ ಓಡಿಸುವ ಗಂಡಸರು ಯಾರಾದರೂ ಇದ್ದೀರಾ?

ಗಂಗಾವತಿ ಗುಮಾಸ್ತ

ಮೊನ್ನೆ ಸಂಜೆ ರೈಸ್ ಮಿಲ್ಲಿನಿಂದ ಹೊರಟು ನೋಡಿದರೆ, ನನ್ನ ಸ್ಕೂಟಿಯ ಬಲಗನ್ನಡಿಯ ಕಂಬಿಯಲ್ಲಿ ಎರಡು ಹಸಿರು ಗಾಜಿನ ಬಳೆಗಳು ತೂಗುತ್ತಿದ್ದವು. ಭತ್ತದ ಚೀಲ ಹೊಲಿಯುವ ಸುತಳಿಯಿಂದಲೇ ಒಳ್ಳೆಯ ಗಂಟು ಹಾಕಿ ಕಟ್ಟಿದ್ದರು. ಕಾಟಾದ ಹತ್ತಿರ ನಿಂತಿದ್ದ ನಾಲ್ಕೈದು ಮಂದಿ ಬೇರೆ ಕಡೆ ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ಬೇರೆ ಕಡೆ ನೋಡಿದರೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ 36 ವರ್ಷ. ಮೂರು ವರ್ಷದ ಹಿಂದೆ 150 ಸಿಸಿಯ ಬೈಕ್ ಮಾರಿ ಈ ಗಾಡಿ ತಂದೆ. ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳುತ್ತಾ ಬಂದೆ. ಬೆನ್ನು ನೋವು ಎಂದೆ. ಹೆಂಡತಿಗೂ ಆಗುತ್ತದೆ ಎಂದೆ. ಹಳ್ಳಿಗಳಿಂದ ಭತ್ತದ ಮಾದರಿ ತರಲು ಕಾಲ ಬಳಿ ಜಾಗ ಬೇಕು, ತೇವಾಂಶ ನೋಡುವ ಮೀಟರ್ ಇಡಲು ಸೀಟಿನ ಕೆಳಗೆ ಜಾಗ ಬೇಕು ಎಂದೆ. ಕೊನೆಯದು ನಿಜ. ಮಿಕ್ಕಿದ್ದು ಸುಳ್ಳು. ನನ್ನ ಬೆನ್ನು ಗಟ್ಟಿಯಾಗಿದೆ. ಹೆಂಡತಿಗೆ ಗಾಡಿ ಓಡಿಸಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ.

ಸ್ಕೂಟಿ ಓಡಿಸುವುದು ನನಗೆ ಇಷ್ಟ, ಅಷ್ಟೇ. ಸಂಜೆ ಕಾರಟಗಿ ಕಡೆಯಿಂದ ಎಡದಂಡೆ ಕಾಲುವೆಯ ಪಕ್ಕದ ದಾರಿಯಲ್ಲಿ ಬರುವಾಗ ಒಣಭೂಮಿ ಮುಗಿದು ಗದ್ದೆ ಶುರುವಾಗುವ ಒಂದು ತಿರುವಿದೆ. ಅಲ್ಲಿಯವರೆಗೆ ಮುಖಕ್ಕೆ ಒಲೆಯ ಬಾಯಿಯ ಗಾಳಿ. ತಿರುವು ದಾಟಿದ ಕೂಡಲೇ ಅಂಗಿಯ ತೋಳಿನೊಳಗೆ ತಂಪು ನುಗ್ಗುತ್ತದೆ, ಜೊತೆಗೆ ಹಸಿ ಭತ್ತದ ವಾಸನೆ. ಬೈಕಿನಲ್ಲಿ ಇದೇ ದಾರಿಯಲ್ಲಿ ಎಷ್ಟೋ ವರ್ಷ ಬಂದಿದ್ದೇನೆ. ತೊಡೆಗಳ ನಡುವೆ ಕುದಿಯುವ ಎಂಜಿನ್ ಇಟ್ಟುಕೊಂಡು, ಗೇರ್ ಇಳಿಸುವುದೋ ಏರಿಸುವುದೋ ಎಂದು ಲೆಕ್ಕ ಹಾಕುತ್ತಾ ಬರುತ್ತಿದ್ದೆ. ತಿರುವು ಇದೆಯೆಂದೇ ಗಮನಿಸಿರಲಿಲ್ಲ. ಈಗ ಕುರ್ಚಿಯಲ್ಲಿ ಕುಳಿತಂತೆ ಕುಳಿತು, ಎರಡೂ ಕಾಲು ಜೋಡಿಸಿ ಬರುತ್ತೇನೆ.

ಹಾಗೆ ಕಾಲು ಜೋಡಿಸಿ ಕೂರುವುದೇ ತಪ್ಪಂತೆ. ಮಿಲ್ಲಿನಲ್ಲಿ ನನಗೆ "ಅಕ್ಕಾವ್ರು ಬಂದರು" ಎನ್ನುತ್ತಾರೆ. ಬಳೆಗಳನ್ನು ನಾನು ಬಿಚ್ಚಲಿಲ್ಲ, ಹಾಗೇ ಮನೆಗೆ ಹೋದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬಳ್ಳಾರಿ ಬುಲೆಟ್

ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ಆದರೆ ನಗು ಬಂದಿತು. ಗಂಡಸಾದವನು ಗೇರ್ ಹಾಕಬೇಕು. ಕಿವಿ ತಿರುಗಿಸಿದರೆ ಹೊರಡುವುದು ಮಿಕ್ಸರ್, ಗಾಡಿಯಲ್ಲ. ನನ್ನ ಬುಲೆಟ್ ಸುಮಾರು 195 ಕಿಲೋ. ಸ್ಟ್ಯಾಂಡ್ ಹಾಕುವುದೇ ಒಂದು ವ್ಯಾಯಾಮ. ರಾಯಲ್ ಸರ್ಕಲ್‌ನಲ್ಲಿ ಸಿಗ್ನಲ್ ಬಿಟ್ಟಾಗ ಆ ಸದ್ದಿಗೆ ನಾಲ್ಕು ಜನ ತಿರುಗಿ ನೋಡುತ್ತಾರೆ. ನಿಮ್ಮ ಗಾಡಿಯನ್ನು ಯಾರು ತಿರುಗಿ ನೋಡುತ್ತಾರೆ?

ಗಂಗಾವತಿ ಗುಮಾಸ್ತ

ತಮ್ಮಾ, ಬಳೆ ಕಟ್ಟಿದ ಮೇಲೆ ಎಲ್ಲರೂ ತಿರುಗಿ ನೋಡುತ್ತಿದ್ದಾರೆ.

ನಿವೃತ್ತ ಮೇಷ್ಟ್ರು, ರಾಯಚೂರು

ಈ ಚರ್ಚೆ ಓದಿ ನನಗೆ ವಿಚಿತ್ರವೆನಿಸಿತು. ನಮ್ಮ ಕಾಲದಲ್ಲಿ ಸ್ಕೂಟರ್ ಎಂದರೆ ಮನೆಯ ಯಜಮಾನ. ಹುಡುಗಿಯ ಕಡೆಯವರು ಮದುವೆ ಮಾತುಕತೆಗೆ ಕುಳಿತಾಗ ಬಂಗಾರದ ತೊಲೆಯ ಲೆಕ್ಕ ಮುಗಿದ ಮೇಲೆ ಗಂಡಿನ ಕಡೆಯ ಹಿರಿಯರು ಗಂಟಲು ಸರಿಪಡಿಸಿಕೊಂಡು "ಹುಡುಗನಿಗೆ ಒಂದು ಸ್ಕೂಟರ್" ಎನ್ನುತ್ತಿದ್ದರು. ಕೆಟ್ಟ ಪದ್ಧತಿ, ಅದು ಬೇರೆ ಮಾತು. ಅಳಿಯನ ಗಂಡಸುತನಕ್ಕೆ ಕುಂದು ಬರುವ ವಸ್ತುವನ್ನು ಯಾರೂ ವರದಕ್ಷಿಣೆಯಲ್ಲಿ ಕೇಳುವುದಿಲ್ಲವಲ್ಲ!

ಬಜಾಜ್ ಕಂಪನಿ ಇಟಲಿಯ ಪಿಯಾಜಿಯೊ ಪರವಾನಗಿಯಲ್ಲಿ ವೆಸ್ಪಾ ತಯಾರಿಸುತ್ತಿತ್ತು. ಅದು ಮುಗಿದ ಮೇಲೆ 1972ರಲ್ಲಿ ತನ್ನದೇ ಚೇತಕ್ ತಂದಿತು. ಚೇತಕ್ ಯಾರ ಹೆಸರು? ರಾಣಾ ಪ್ರತಾಪನ ಕುದುರೆಯದು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ನಾನು ಬುಕ್ ಮಾಡಿದಾಗ ಬ್ರಹ್ಮಚಾರಿ. ಗಾಡಿ ಕೈಗೆ ಬಂದಾಗ ದೊಡ್ಡ ಮಗಳು ಮುಂದೆ ನಿಂತು ಹ್ಯಾಂಡಲ್ ಹಿಡಿಯುವಷ್ಟು ಬೆಳೆದಿದ್ದಳು. ತೀನ್ ಕಂದೀಲಿನಿಂದ ಮನೆಯವರೆಗೆ ಮೊದಲ ದಿನ ನಡೆಸಿಕೊಂಡೇ ಬಂದೆ, ಓಡಿಸಲು ಧೈರ್ಯವಿರಲಿಲ್ಲ. ಗೇರ್ ಇತ್ತು, ಆದರೆ ಎಡಗೈಯಲ್ಲಿ: ಕ್ಲಚ್ ಹಿಡಿದು ಹಿಡಿಕೆಯನ್ನೇ ತಿರುಗಿಸಬೇಕು. ಎಂಜಿನ್ ಬಲಗಡೆ ಇರುತ್ತಿದ್ದುದರಿಂದ ಭಾರವೆಲ್ಲ ಒಂದು ಪಕ್ಕಕ್ಕೆ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನು ವಾಲಿಸಿ, ನಿಲ್ಲಿಸಿ, ಮತ್ತೆ ಒದೆಯುವುದು. ಬೀದಿಯಲ್ಲಿ ಏಳೂವರೆಗೆ ಎಲ್ಲ ಗುಮಾಸ್ತರೂ ಮೇಷ್ಟ್ರುಗಳೂ ಹೀಗೆ ತಮ್ಮ ಸ್ಕೂಟರುಗಳಿಗೆ ನಮಸ್ಕಾರ ಮಾಡಿಸುತ್ತಿದ್ದರು.

1984ರಲ್ಲಿ ಕೈನೆಟಿಕ್ ಹೋಂಡಾ ಬಂದಿತು. ಗೇರ್ ಇಲ್ಲ, ಗುಂಡಿ ಒತ್ತಿದರೆ ಸ್ಟಾರ್ಟ್. ಆಗ ಅದನ್ನು ಕೊಂಡವರು ವಕೀಲರು, ಡಾಕ್ಟರು. ಹೆಂಗಸರ ಗಾಡಿ ಎಂದು ಯಾರೂ ಅನ್ನಲಿಲ್ಲ. ದುಡ್ಡಿದ್ದವರ ಗಾಡಿ ಎಂದರು. ಹಾಗಾದರೆ ನಡುವೆ ಏನಾಯಿತು?

ಲಿಂಗಸುಗೂರು

ಮೇಷ್ಟ್ರೇ, ಸ್ಕೂಟರ್ ಬೇರೆ, ಸ್ಕೂಟಿ ಬೇರೆ.

ನಿವೃತ್ತ ಮೇಷ್ಟ್ರು, ರಾಯಚೂರು

ಹೌದಪ್ಪಾ, ಕೇಳಿದ ಪ್ರಶ್ನೆಗೆ ನೀನೇ ಉತ್ತರ ಕೊಟ್ಟೆ. ಸ್ಕೂಟಿ ಎಂಬುದು ಟಿವಿಎಸ್ ಕಂಪನಿಯ ಒಂದು ಗಾಡಿಯ ಹೆಸರು, ತೊಂಬತ್ತರ ದಶಕದ್ದು. ಕಾಲೇಜು ಹುಡುಗಿಯರನ್ನು ಮುಂದಿಟ್ಟುಕೊಂಡು ಜಾಹೀರಾತು ಮಾಡಿದರು. ನಮ್ಮ ಕಡೆ ಗೇರ್ ಇಲ್ಲದ ಯಾವ ಗಾಡಿಯಾದರೂ ಸ್ಕೂಟಿಯೇ ಆಗಿಬಿಟ್ಟಿತು. ವನಸ್ಪತಿ ತುಪ್ಪವೆಲ್ಲ ಡಾಲ್ಡಾ ಆದಂತೆ. ಇನ್ನೊಂದು ಕಂಪನಿ ಮಜವೆಲ್ಲ ಹುಡುಗರಿಗೇ ಏಕೆ ಎಂದು ಕೇಳಿ ತನ್ನ ಸ್ಕೂಟರ್ ಮಾರಿತು. ಇದೇ ಕಾಲಕ್ಕೆ ಗಂಡಸರು ಮೈಲೇಜ್ ಹುಡುಕಿಕೊಂಡು ಬೈಕಿಗೆ ಹೋದರು. 2009ರ ಹೊತ್ತಿಗೆ ಬಜಾಜ್ ಸ್ಕೂಟರ್ ತಯಾರಿಕೆಯನ್ನೇ ಕೈಬಿಡುವ ತೀರ್ಮಾನ ಮಾಡಿತು. ಸ್ಕೂಟರ್ ಎಂದರೆ ಅಪ್ಪ, ಸ್ಕೂಟಿ ಎಂದರೆ ಮಗಳು ಎಂಬಂತೆ ನಾಲಿಗೆಯಲ್ಲಿ ಉಳಿಯಿತು. ಗಾಡಿಯ ಮೈಕಟ್ಟು ಮಾತ್ರ ಅದೇ. ಈಗ ಅದೇ ಚೇತಕ್ 2020ರಿಂದ ಬ್ಯಾಟರಿ ಗಾಡಿಯಾಗಿ ಮತ್ತೆ ಬಂದಿದೆ, ಗೇರ್ ಇಲ್ಲದೆ. ರಾಣಾ ಪ್ರತಾಪನ ಕುದುರೆಯನ್ನು ಈಗ ಏನೆಂದು ಕರೆಯುತ್ತೀರೋ ನೋಡೋಣ.

ಕೊಪ್ಪಳದ ಮೆಕ್ಯಾನಿಕ್

ನನ್ನ ಗ್ಯಾರೇಜ್ ಹೊಸಪೇಟೆ ರಸ್ತೆಯಲ್ಲಿದೆ. ಸ್ಕೂಟಿ ತರುವ ಗಂಡಸರು ಹೇಳುವ ಮೊದಲ ಮಾತು ಏನು ಗೊತ್ತೇ? "ಇದು ನನ್ನದಲ್ಲ, ಮನೆಯವಳದು." ನಾನು ಕೇಳಿರುವುದೇ ಇಲ್ಲ. ಬ್ರೇಕ್ ಸರಿಮಾಡು ಎನ್ನುವ ಮುಂಚೆ ಇದನ್ನು ಹೇಳಿ ಮುಗಿಸುತ್ತಾರೆ. ಸೀಟು ಎತ್ತಿದರೆ ಒಳಗೆ ಗುಟ್ಕಾ ಚೀಟಿ, ಕ್ರಿಕೆಟ್ ಚೆಂಡು, ಒಂದು ಜೊತೆ ಗಂಡಸರ ಚಪ್ಪಲಿ. ಗುಮಾಸ್ತರೇ, ನಿಮ್ಮ ಬೆನ್ನು ನೋವಿನ ಕತೆ ನನಗೆ ಹೊಸದಲ್ಲ.

ಬುಲೆಟ್ ತಮ್ಮನಿಗೆ ಎರಡು ಮಾತು. ಗೇರ್ ಇಲ್ಲ ಎಂದರೆ ಗೇರಿನ ಕೆಲಸ ನಡೆಯುತ್ತಿಲ್ಲ ಎಂದಲ್ಲ. ಎಡಗಡೆಯ ಡಬ್ಬಿ ಬಿಚ್ಚಿದರೆ ಒಂದು ರಬ್ಬರ್ ಬೆಲ್ಟ್, ಎರಡು ಪುಲ್ಲಿ. ಮುಂದಿನ ಪುಲ್ಲಿಯ ಒಳಗೆ ಹೆಬ್ಬೆರಳಿನ ತುದಿಯಷ್ಟು ದಪ್ಪದ ರೋಲರುಗಳು. ಎಂಜಿನ್ ವೇಗವಾಗಿ ತಿರುಗಿದಂತೆ ರೋಲರುಗಳು ಹೊರಕ್ಕೆ ಸರಿದು ಪುಲ್ಲಿಯ ತಟ್ಟೆಗಳನ್ನು ಒತ್ತುತ್ತವೆ, ಬೆಲ್ಟ್ ಮೇಲಕ್ಕೆ ಏರುತ್ತದೆ. ಹಿಂದಿನ ಪುಲ್ಲಿಯಲ್ಲಿ ಬೆಲ್ಟ್ ಅಷ್ಟೇ ಕೆಳಗೆ ಇಳಿಯುತ್ತದೆ. ನೀನು ನಾಲ್ಕೈದು ಮೆಟ್ಟಿಲು ಹತ್ತುತ್ತೀಯ, ಅದು ಇಳಿಜಾರಿನಲ್ಲಿ ಹತ್ತುತ್ತದೆ. ದಿನಾ ನೂರು ಗಾಡಿ ನೋಡುವ ನನಗೆ ಇವೆರಡರಲ್ಲಿ ಹೆಚ್ಚು ಬುದ್ಧಿವಂತಿಕೆ ಕಾಣುವುದು ಇಳಿಜಾರಿನಲ್ಲೇ.

ಇನ್ನೊಂದು. ನಮ್ಮೂರಲ್ಲಿ ಗಂಡಸರ ಗಾಡಿ ಎಂದರೆ ಸ್ಪ್ಲೆಂಡರ್. ಅದರ ಎಂಜಿನ್ 97.2 ಸಿಸಿ. ಹೆಂಗಸರ ಗಾಡಿ ಎನ್ನುವ ಆಕ್ಟಿವಾದ್ದು 109.51 ಸಿಸಿ. ತಾಕತ್ತು ಎರಡರದ್ದೂ ಹೆಚ್ಚುಕಡಿಮೆ ಒಂದೇ, ಎಂಟು ಅಶ್ವಶಕ್ತಿಯ ಆಸುಪಾಸು. ಸಿಸಿಯಲ್ಲಿ ಮೀಸೆ ಅಳೆಯುವುದಾದರೆ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಬಳ್ಳಾರಿ ಬುಲೆಟ್

ಮೆಕ್ಯಾನಿಕ್ ಅಣ್ಣ, ಸಿಸಿ ಒಪ್ಪಿದೆ. ಚಕ್ರ? ತೋರಣಗಲ್ಲಿನ ಕಡೆ ಅದಿರಿನ ಲಾರಿ ಪಕ್ಕದಲ್ಲಿ ಹಾದುಹೋದಾಗ ಸ್ಕೂಟಿ ಗಾಳಿಪಟದಂತೆ ಅಲ್ಲಾಡುತ್ತದೆ. ನನ್ನ ತಂಗಿಯ ಗಾಡಿ ಓಡಿಸಿ ಹೇಳುತ್ತಿದ್ದೇನೆ. (ಹೌದು, ತಂಗಿಯದೇ, ಸೀಟು ಎತ್ತಿ ನೋಡಬೇಡಿ.)

ಕೊಪ್ಪಳದ ಮೆಕ್ಯಾನಿಕ್

ಅದು ನಿಜ. ಆಕ್ಟಿವಾದ ಹಿಂದಿನ ಚಕ್ರ 10 ಇಂಚು, ಸ್ಪ್ಲೆಂಡರಿನದು 18. ಗುಂಡಿಯಲ್ಲಿ ಸಣ್ಣ ಚಕ್ರ ಪೂರ್ತಿ ಇಳಿಯುತ್ತದೆ, ದೊಡ್ಡದು ದಾಟಿಕೊಂಡು ಹೋಗುತ್ತದೆ. ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ನಾನೇ ಸ್ಕೂಟಿ ಬೇಡ ಎನ್ನುತ್ತೇನೆ. ಆದರೆ ಅದು ರಸ್ತೆಯ ಮಾತು, ಗಂಡಸುತನದ ಮಾತಲ್ಲ.

ಮಾನ್ವಿ ರೈತ

ಎರೆ ಮಣ್ಣಿನ ಮಾತು ಯಾರೂ ಆಡಲಿಲ್ಲ. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಸ್ಕೂಟಿ ಇಳಿಸಿ ನೋಡಿ. ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಚಕ್ರ ತಿರುಗುವುದೇ ಇಲ್ಲ. ಕಡ್ಡಿ ಹಾಕಿ ಕೆದರಬೇಕು, ಮತ್ತೆ ಹತ್ತು ಮಾರು, ಮತ್ತೆ ಕಡ್ಡಿ. ನಾನು ಟಿವಿಎಸ್ ಎಕ್ಸೆಲ್ ಓಡಿಸುತ್ತೇನೆ. ಗೊಬ್ಬರದ ಚೀಲ ಮುಂದೆ, ಮೇವಿನ ಹೊರೆ ಹಿಂದೆ, ನಾನು ಧೋತರ ಉಟ್ಟು ನಡುವೆ. ಅದಕ್ಕೂ ಗೇರ್ ಇಲ್ಲ. ಇಷ್ಟು ವರ್ಷದಲ್ಲಿ ಒಬ್ಬನೂ ನನಗೆ ಅಕ್ಕಾವ್ರು ಎಂದಿಲ್ಲ. ಮೈಮೇಲೆ ಹೊರೆ ಇದ್ದರೆ ಗಂಡಸು, ಕೈಬೀಸಿಕೊಂಡು ಖುಷಿಯಾಗಿ ಹೋದರೆ ಹೆಂಗಸು ಎಂಬ ಲೆಕ್ಕವೋ ಏನೋ.

ಗಂಗಾವತಿ ಗುಮಾಸ್ತ

ಯಜಮಾನರೇ, ಇದೇ ನನಗೆ ಹೇಳಲು ಬಾರದ ಮಾತಾಗಿತ್ತು. ಮಾದರಿ ಚೀಲ ಕಾಲ ಬಳಿ ಇದ್ದ ದಿನ ಯಾರೂ ಏನೂ ಅನ್ನುವುದಿಲ್ಲ. ಖಾಲಿ ಬಂದ ದಿನವೇ ನಗುತ್ತಾರೆ. ಕಾರಣವಿದ್ದರೆ ಕ್ಷಮಿಸುತ್ತಾರೆ, ಇಷ್ಟವಿದ್ದರೆ ಇಲ್ಲ. ಅದಕ್ಕೇ ನಾನೂ ಮೂರು ವರ್ಷ ಬೆನ್ನು ನೋವು ಸಾಕಿಕೊಂಡೆ.

ಸಿಂಧನೂರಿನ ನರ್ಸ್

ಅಣ್ಣಂದಿರೇ, ಇಷ್ಟು ಹೊತ್ತು ಸುಮ್ಮನೆ ಓದಿದೆ. ನೀವೆಲ್ಲ "ಇದು ಹೆಂಗಸರ ಗಾಡಿ ಅಲ್ಲ" ಎಂದು ಸಾಧಿಸುತ್ತಿದ್ದೀರಿ. ಸಿಸಿ ತೋರಿಸುತ್ತೀರಿ, ಕುದುರೆಯ ಹೆಸರು ಹೇಳುತ್ತೀರಿ. ಹೆಂಗಸರ ಗಾಡಿಯೇ ಆಗಿದ್ದರೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಬಳೆ ಬೈಗುಳವಾಗಿದ್ದು ಯಾರ ಕೈಯಲ್ಲಿ? ರಾತ್ರಿ ಪಾಳಿಯಲ್ಲಿ ಎರಡು ಹೆರಿಗೆ ನೋಡಿಕೊಂಡು ಬೆಳಿಗ್ಗೆ ಸ್ಕೂಟಿ ಹತ್ತುವ ನನ್ನ ಕೈಯಲ್ಲೂ ಬಳೆ ಇವೆ.

ಒಂದು ಸಂಗತಿ ಹೇಳುತ್ತೇನೆ. ಹಬ್ಬಕ್ಕೆ ಗಂಡನ ಊರಿಗೆ ನನ್ನ ಸ್ಕೂಟಿಯಲ್ಲೇ ಹೋಗುತ್ತೇವೆ. ನಾನು ಓಡಿಸುತ್ತೇನೆ, ಅವರು ಹಿಂದೆ. ಅವರಿಗೆ ಸಂತೆಯ ಗದ್ದಲದಲ್ಲಿ ಗಾಡಿ ಓಡಿಸಲು ಕೈ ನಡುಗುತ್ತದೆ. ಊರಿಗೆ ಅರ್ಧ ಮೈಲಿ ಇರುವಾಗ ಒಂದು ಬೇವಿನ ಮರ ಬರುತ್ತದೆ. ಅಲ್ಲಿ ಭುಜ ಮುಟ್ಟುತ್ತಾರೆ. ಮಾತಿಲ್ಲ. ನಾನು ಇಳಿಯುತ್ತೇನೆ, ಸೀರೆ ಸರಿಮಾಡಿಕೊಂಡು ಹಿಂದೆ ಒಂದು ಪಕ್ಕಕ್ಕೆ ಕೂರುತ್ತೇನೆ, ಅವರು ಓಡಿಸಿಕೊಂಡು ಊರೊಳಗೆ ಹೋಗುತ್ತಾರೆ. ಹೊರಡುವಾಗ ಅದೇ ಮರದ ಕೆಳಗೆ ಮತ್ತೆ ಬದಲು. ಒಂಬತ್ತು ವರ್ಷದಿಂದ ಆ ಮರ ನಮ್ಮ ಗುಟ್ಟು ಕಾಪಾಡಿದೆ. ಕಳೆದ ಯುಗಾದಿಗೆ ಹೋದಾಗ ಆ ಮರದ ಕೆಳಗೆ ಇನ್ನೊಂದು ಜೋಡಿ ನಿಂತಿತ್ತು, ಅವರೂ ಬದಲಾಗುತ್ತಿದ್ದರು. ನಾವು ನಾಲ್ವರೂ ಪರಸ್ಪರ ನೋಡಿ ಏನೂ ಮಾತಾಡದೆ ಹೊರಟೆವು.

ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಅವರು ಒಳ್ಳೆಯವರು. ಆದರೆ ಆ ಭುಜ ಮುಟ್ಟುವುದು ನಿಲ್ಲಲಿ ಎಂದು ನನಗೆ ಆಸೆಯಿದೆ.

ಬಳ್ಳಾರಿ ಬುಲೆಟ್

ಅಕ್ಕಾ, ಇದಕ್ಕೆ ನನ್ನ ಬಳಿ ಉತ್ತರವಿಲ್ಲ.

ಕುಷ್ಟಗಿ ಬಯಲಾಟ

ನಮ್ಮ ದೊಡ್ಡಪ್ಪ ಬಯಲಾಟದಲ್ಲಿ ದ್ರೌಪದಿ. ಬೇಸಿಗೆಯ ಆಟಗಳು ಶುರುವಾಗುವ ಮೊದಲು ಮೀಸೆ ಬೋಳಿಸುತ್ತಿದ್ದರು. ಕೈತುಂಬ ಬಳೆ, ಸೊಂಟಕ್ಕೆ ಡಾಬು, ಬೆಳಗಿನ ಜಾವದವರೆಗೆ ಕುಣಿತ. ಸೀರೆ ಸೆಳೆಯುವ ಹೊತ್ತಿಗೆ ಅವರು ಕೂಗಿದರೆ ಮುಂದೆ ಕುಳಿತ ಪೈಲ್ವಾನರೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೆಳಗಾದರೆ ಅದೇ ದೊಡ್ಡಪ್ಪ ಮುಖದ ಬಣ್ಣ ಪೂರ್ತಿ ಹೋಗದೆಯೇ ಕಿವಿಯ ಹಿಂದೆ ಕೆಂಪು ಉಳಿಸಿಕೊಂಡು ಹೊಲಕ್ಕೆ ಹೊರಡುತ್ತಿದ್ದರು. ದ್ರೌಪದಿ ಎಂದು ಕರೆದರೆ "ಓ" ಎನ್ನುತ್ತಿದ್ದರು, ಅದು ಮರ್ಯಾದೆಯ ಹೆಸರು. ಆ ಕಾಲದವರು ಸಣ್ಣ ಮನಸ್ಸಿನವರು, ನಾವು ಮುಂದುವರಿದವರು ಎಂದು ಯಾರಾದರೂ ಹೇಳಿದರೆ ನನಗೆ ದೊಡ್ಡಪ್ಪನ ಕಿವಿಯ ಹಿಂದಿನ ಆ ಬಣ್ಣ ನೆನಪಾಗುತ್ತದೆ.

ಕೌಲ್ ಬಜಾರ್ ಟೈಲರ್

ನಾನು ಜೀನ್ಸ್ ಹೊಲಿಯುವವನು. ಹೊಲಿದ ಬಂಡಲ್‌ಗಳನ್ನು ವಾಷಿಂಗ್ ಘಟಕಕ್ಕೆ ಸ್ಕೂಟಿಯಲ್ಲೇ ಸಾಗಿಸುತ್ತೇನೆ. ಬಳ್ಳಾರಿಯ ಜೀನ್ಸ್ ತೊಟ್ಟು ಬೈಕ್ ಮೇಲೆ ಗತ್ತಿನಿಂದ ಕೂರುವ ಎಷ್ಟೋ ಗಂಡಸರ ಪ್ಯಾಂಟು ಒಂದು ಕಾಲದಲ್ಲಿ ನನ್ನ ಸ್ಕೂಟಿಯ ಸವಾರಿ ಮಾಡಿದೆ.

ಎಲ್ಲೋ ಓದಿದ್ದು ನೆನಪಿದೆ. 1946ರಲ್ಲಿ ವೆಸ್ಪಾ ರೂಪಿಸಿದ ಕೊರಾದಿನೊ ದಾಸ್ಕಾನಿಯೊ ಹೆಲಿಕಾಪ್ಟರ್ ಎಂಜಿನಿಯರ್. ಆತನಿಗೆ ಮೋಟಾರ್ ಸೈಕಲ್ ಎಂದರೆ ಆಗುತ್ತಿರಲಿಲ್ಲ. ಕಾಲು ಎತ್ತಿ ದಾಟಬೇಕು, ಬಟ್ಟೆಗೆ ಎಣ್ಣೆ ಮೆತ್ತುತ್ತದೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವುದು ಕಷ್ಟ ಎಂದು. ಅದಕ್ಕೇ ಎಂಜಿನ್ ಮುಚ್ಚಿದ, ಮುಂದೆ ತಗಡು ಇಟ್ಟ, ನಡುವೆ ಜಾಗ ಬಿಟ್ಟ. ಬಟ್ಟೆ ಕೆಡಬಾರದು ಎಂದು ಗಾಡಿ ಮಾಡಿದವನನ್ನು ಟೈಲರ್ ಆದ ನಾನು ಹೇಗೆ ಬೈಯಲಿ? ನಾನು ಮನೆಯಲ್ಲಿ ಲುಂಗಿ. ರಾತ್ರಿ ಹಾಲು ತರಲು ಲುಂಗಿಯಲ್ಲೇ ಸ್ಕೂಟಿ ಹತ್ತುತ್ತೇನೆ. ಬುಲೆಟ್ ತಮ್ಮ ಲುಂಗಿಯಲ್ಲಿ ತನ್ನ ಗಾಡಿ ಹತ್ತಿ ತೋರಿಸಲಿ, ಆಗ ನೋಡೋಣ ಯಾರ ಮಾನ ಉಳಿಯುತ್ತದೆಂದು.

ಶಕ್ತಿನಗರ

ನನ್ನ ಎಡಗಾಲಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು. ಸ್ಕೂಟಿಗೆ ಹಿಂದೆ ಎರಡು ಹೆಚ್ಚುವರಿ ಚಕ್ರ ಹಾಕಿಸಿದ್ದೇನೆ. ಎರಡೂ ಬ್ರೇಕ್ ಕೈಯಲ್ಲಿವೆ, ಕಾಲಿಗೆ ಕೆಲಸವಿಲ್ಲ. ನನ್ನನ್ನು ಯಾರೂ ಗೇಲಿ ಮಾಡುವುದಿಲ್ಲ. ಪಾಪ ಎನ್ನುತ್ತಾರೆ. ಗುಮಾಸ್ತರ ಆ ಗದ್ದೆಯ ತಿರುವಿನಂಥದ್ದು ನನಗೂ ಒಂದಿದೆ, ಕೃಷ್ಣಾ ಸೇತುವೆಯ ಮೇಲೆ. ಅಲ್ಲಿ ಹೋಗುವಾಗ ನಾನು ಪಾಪದವನಲ್ಲ ಎಂದು ಯಾರಿಗಾದರೂ ಹೇಳಬೇಕೆನಿಸುತ್ತಿತ್ತು. ಇಲ್ಲಿ ಹೇಳಿದೆ.

ಲಿಂಗಸುಗೂರು

ಗುಮಾಸ್ತರೇ, ಬಳೆ ಕಟ್ಟಿದವನು ಸಿಕ್ಕನೇ? ಅದನ್ನು ಹೇಳಿ.

ಗಂಗಾವತಿ ಗುಮಾಸ್ತ

ಸಿಕ್ಕ. ಹುಡುಕಬೇಕಾಗಲಿಲ್ಲ.

ಬಳೆ ಇಟ್ಟುಕೊಂಡೇ ನಾಲ್ಕು ದಿನ ಓಡಾಡಿದೆ. ಮೊದಲ ದಿನ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಎರಡನೆಯ ದಿನದಿಂದ ಗುಂಡಿಗೆ ಇಳಿದಾಗಲೆಲ್ಲ ಕಿಣಿ ಎನ್ನುವುದು ಅಭ್ಯಾಸವಾಯಿತು. ಐದನೆಯ ದಿನ ಮಿಲ್ಲಿನ ಅಂಗಳ ಗುಡಿಸುವ ಅವ್ವ ಪೊರಕೆ ಕಂಕುಳಲ್ಲಿಟ್ಟುಕೊಂಡು ಗಾಡಿಯ ಹತ್ತಿರ ಬಂದಳು. ಬಳೆಯೊಳಗೆ ಮೂರು ಬೆರಳು ತೂರಿಸಿ ನೋಡಿದಳು. "ಎರಡು-ನಾಲ್ಕರ ಅಳತೆ. ನನ್ನ ಕೈಗೆ ಹಿಡಿಸುವುದಿಲ್ಲ. ಎರಡು-ಎಂಟು ಬೇಕು" ಎಂದಳು. ಯಾರು ಕಟ್ಟಿದರು, ಏಕೆ ಕಟ್ಟಿದರು ಎಂಬುದು ಅವಳಿಗೆ ಬೇಕಾಗಿರಲಿಲ್ಲ. ಒಳ್ಳೆಯ ಹಸಿರು ಬಳೆ ಗಾಡಿಯ ಮೇಲೆ ಹಾಳಾಗುತ್ತಿವೆ, ಅಷ್ಟೇ ಅವಳ ಸಂಕಟ.

ಕಾಟಾದ ಹತ್ತಿರ ಆ ಗುಂಪು ಇತ್ತು. ಲಾರಿಯ ಒಬ್ಬ ಹುಡುಗ ಬೀಡಿ ಸೇದುವುದನ್ನು ಮರೆತು ನಮ್ಮ ಕಡೆಯೇ ನೋಡುತ್ತಿದ್ದ. ನಾನು ಕೂಗಿ ಹೇಳಿದೆ: "ಅವ್ವನಿಗೆ ಎರಡು-ಎಂಟು ಬೇಕಂತೆ ಕಣಪ್ಪಾ, ಮುಂದಿನ ಸಲ ಕಟ್ಟುವಾಗ ಒಂದು ಡಜನ್ ತಂದು ಕಟ್ಟು." ಹಮಾಲರು ಚೀಲ ಇಳಿಸಿಟ್ಟು ನಕ್ಕರು. ಹುಡುಗ ಕಿವಿಯವರೆಗೆ ಕೆಂಪಾದ. ಮಾರನೆಯ ದಿನ ಬಳೆ ತಂದನೋ ಎಂದು ಕೇಳಬೇಡಿ, ತರಲಿಲ್ಲ. ಅಕ್ಕಾವ್ರು ಎನ್ನುವುದೂ ಪೂರ್ತಿ ನಿಂತಿಲ್ಲ. ಅವ್ವನಿಗೆ ನಾನೇ ಸಂತೆಯಲ್ಲಿ ಒಂದು ಡಜನ್ ಕೊಂಡೆ.

ಕನ್ನಡಿಯ ಮೇಲಿನ ಜೋಡಿಯಲ್ಲಿ ಒಂದು ನಿನ್ನೆ ಒಡೆಯಿತು, ಕಾಲುವೆ ದಾರಿಯ ಗುಂಡಿಯಲ್ಲಿ. ಮೆಕ್ಯಾನಿಕ್ ಅಣ್ಣ ಹೇಳಿದ ಹತ್ತಿಂಚಿನ ಚಕ್ರದ ಪುಣ್ಯ. ಅಣ್ಣ, ಹಾಗೆಯೇ ಒಂದು ಕೇಳಬೇಕಿತ್ತು: ನಿಧಾನವಾಗಿ ಹೊರಡುವಾಗ ಎಡಗಡೆಯ ಡಬ್ಬಿಯಿಂದ ಗರಗರ ಸದ್ದು ಬರುತ್ತಿದೆ. ರೋಲರ್ ಸವೆದಿರಬಹುದೇ? ಭಾನುವಾರ ಗ್ಯಾರೇಜ್ ತೆರೆದಿರುತ್ತೀರಾ? ಗಾಡಿ ನನ್ನದೇ, ಮನೆಯವಳದ್ದಲ್ಲ.